ಆಸೆಯೇ ಇಲ್ಲವೆಂದರೆ ಅದು ರೋಗವೆ?

ಕಳೆದ ವರ್ಷ ಸುಗ್ಗಿ ಮುಗಿದ ಮೇಲೆ ನ್ಯಾಮತಿ ಕಡೆಯ ಒಂದು ಹಳ್ಳಿಗೆ ನನ್ನನ್ನು ರಾಜಿ ಪಂಚಾಯಿತಿಗೆ ಕರೆದಿದ್ದರು. ಮದುವೆಯಾಗಿ ಎಂಟು ತಿಂಗಳಿಗೆ ತವರಿಗೆ ವಾಪಸ್ಸು ಬಂದಿದ್ದ ಹುಡುಗಿ. ಮದುವೆಯಲ್ಲಿ ಎಂಟು ತೊಲ ಬಂಗಾರ, ಎರಡು ಲಕ್ಷ ರೂಪಾಯಿ, ಒಂದು ಬೈಕು ಕೊಟ್ಟಿದ್ದರು. ಗಂಡಿನ ಕಡೆಯವರು ಬಂಗಾರ ಹಿಂತಿರುಗಿಸುವುದಿಲ್ಲ ಎಂದರು. ಬದಲಿಗೆ ತಮ್ಮದೇ ಒಂದು ಬೇಡಿಕೆ ಇಟ್ಟರು: ಹುಡುಗಿಯನ್ನು ದಾವಣಗೆರೆಗೆ ಕರೆದುಕೊಂಡು ಹೋಗಿ ಡಾಕ್ಟರ ಹತ್ತಿರ ಪರೀಕ್ಷೆ ಮಾಡಿಸಿ, 'ಹೆಣ್ಣು ಹೌದೋ ಅಲ್ಲವೋ' ಬರೆಸಿಕೊಂಡು ಬರಬೇಕು. ಕಟ್ಟೆಯ ಮೇಲೆ ಕೂತಿದ್ದ ಗಂಡಸರಲ್ಲಿ ಯಾರಿಗೂ ಈ ಮಾತು ಅಸಹ್ಯ ಅನ್ನಿಸಲಿಲ್ಲ.

ನಾನು ಅವಳನ್ನು ಒಳಮನೆಗೆ ಕರೆದುಕೊಂಡು ಹೋಗಿ ಕೂರಿಸಿಕೊಂಡೆ. ಇಂಥ ಪಂಚಾಯಿತಿಗಳಲ್ಲಿ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಕೂತವಳು ನಾನು. ಹೆಣ್ಣು ಗಂಡನ ಹತ್ತಿರ ಹೋಗಲೊಲ್ಲೆ ಎಂದರೆ ಕಾರಣಗಳ ಪಟ್ಟಿ ನನ್ನ ಬಾಯಲ್ಲೇ ಇದೆ. ಕುಡಿತ, ಹೊಡೆತ, ಅನುಮಾನ, ಇನ್ನೊಬ್ಬಳ ಸಹವಾಸ, ಇಲ್ಲವೇ ಇವಳ ಮನಸ್ಸಿನಲ್ಲಿ ಬೇರೆ ಯಾರೋ. ಒಂದೊಂದಾಗಿ ಕೇಳುತ್ತಾ ಹೋದೆ. ಎಲ್ಲಕ್ಕೂ ತಲೆ ಅಲ್ಲಾಡಿಸಿದಳು. ಕೊನೆಗೆ ಹೇಳಿದಳು: "ಅಕ್ಕಾ, ಆ ಮನುಷ್ಯನ ಮೇಲೆ ನನಗೆ ಸಿಟ್ಟಿಲ್ಲ. ಅವರು ಅಂತ ಅಲ್ಲ, ಯಾರ ಮೇಲೂ ನನಗೆ ಅದು ಹುಟ್ಟಿಲ್ಲ. ಜೊತೆಯವರು ಹುಡುಗರ ಮಾತು ಆಡಿಕೊಂಡು ನಗುವಾಗ ಇವರಿಗೆ ಏನಾಗುತ್ತೆ ಅಂತ ನನಗೆ ತಿಳಿಯುತ್ತಲೇ ಇರಲಿಲ್ಲ. ಮದುವೆ ಆದ ಮೇಲೆ ಸರಿ ಹೋಗುತ್ತೆ ಅಂತ ಅವ್ವ ಹೇಳಿದಳು. ಹೋಗಲಿಲ್ಲ."

ನಾನು ನಂಬಲಿಲ್ಲ. 'ಯಾರಾದರೂ ಇದ್ದರೆ ಹೇಳಮ್ಮ, ನಾನು ಯಾರಿಗೂ ಹೇಳೋದಿಲ್ಲ' ಎಂದು ಮತ್ತೆ ಮೂರು ಸಲ ಕೇಳಿದೆ. ಮೂರನೆಯ ಸಲ ಅವಳು ಮುಖ ತಿರುಗಿಸಿದಳು. ಹೊರಗೆ ಕೂತಿದ್ದ ಗಂಡಸರು ಕೇಳಿದ್ದು ಡಾಕ್ಟರ ಸರ್ಟಿಫಿಕೇಟು. ಒಳಗೆ ನಾನು ಕೇಳಿದ್ದೂ ಒಂದು ಬಗೆಯ ಸರ್ಟಿಫಿಕೇಟೇ. ಈ ಲೇಖನ ಬರೆಯಲು ಕೂತದ್ದು ಆ ತಪ್ಪಿನ ನೆನಪಿನಿಂದ.

ಆ ಎಂಟು ತಿಂಗಳಲ್ಲಿ ನಡೆದದ್ದನ್ನು ಅವಳು ನಂತರ ಸ್ವಲ್ಪ ಸ್ವಲ್ಪವಾಗಿ ಹೇಳಿದಳು. ಮೊದಲ ತಿಂಗಳು ಅವನು ಕಾದ. ಆಮೇಲೆ ಅತ್ತೆ, ನಾದಿನಿ, ಸೋದರಮಾವ ಸೇರಿ 'ನೀನು ಗಂಡಸಲ್ಲವೇನೋ' ಎಂದು ಅವನನ್ನು ಚುಚ್ಚಿದರು. ಹೇಳಿಕೆ ಕೇಳಿಸಿ, ಗಾಳಿ ಸೋಕಿದೆ ಎಂದು ಇವಳಿಗೆ ತಾಯತ ಕಟ್ಟಿಸಿದರು. ಕೊನೆಗೆ ಅವನು ಬಲವಂತ ಮಾಡಿದ, ಒಂದು ಸಲ ಅಲ್ಲ. 'ಒಂದು ದಿನ ಅವರೂ ಅತ್ತರು ಅಕ್ಕಾ' ಎಂದಳು. ಅವಳ ಬಾಯಲ್ಲಿ ಅದು ದೂರಿನಂತೆಯೂ ಬರಲಿಲ್ಲ. ಗಂಡ ಮಾಡಿದರೆ ಅದಕ್ಕೆ ಬೇರೆ ಹೆಸರಿದೆ ಎಂದು ಅವಳಿಗೆ ಯಾರೂ ಹೇಳಿರಲಿಲ್ಲ.

ಇಂಥವರನ್ನು ಇಂಗ್ಲಿಷಿನಲ್ಲಿ 'ಏಸೆಕ್ಷುಯಲ್' ಎನ್ನುತ್ತಾರೆ. ಕನ್ನಡದಲ್ಲಿ 'ಅಲೈಂಗಿಕ' ಎಂದು ಬರೆಯುವುದುಂಟು. ಆ ಪದ ಕೇಳಿದರೆ ನನಗೆ ಶಾಲೆಯ ಜೀವಶಾಸ್ತ್ರದ ಪಾಠ ನೆನಪಾಗುತ್ತದೆ, ಹಾಗಾಗಿ ಅಷ್ಟು ಹಿಡಿಸುವುದಿಲ್ಲ. ಬಿಡಿಸಿ ಹೇಳುವುದಾದರೆ, ಗಂಡಿನ ಮೇಲಾಗಲಿ ಹೆಣ್ಣಿನ ಮೇಲಾಗಲಿ ದೇಹದ ಆಕರ್ಷಣೆ ಹುಟ್ಟದ, ಅಥವಾ ಬಹಳ ಅಪರೂಪಕ್ಕೆ ಹುಟ್ಟುವ ಸ್ವಭಾವದವರು. ಇದು ಬ್ರಹ್ಮಚರ್ಯವಲ್ಲ. ಸನ್ಯಾಸಿ ಇರುವ ಆಸೆಯನ್ನು ಹಿಡಿದಿಡುತ್ತಾನೆ, ಇವರಲ್ಲಿ ಹಿಡಿದಿಡುವುದಕ್ಕೆ ಏನೂ ಇರುವುದಿಲ್ಲ. ಷಂಡತನವೂ ಅಲ್ಲ. ದೇಹಕ್ಕೆ ಶಕ್ತಿ ಇದೆಯೋ ಇಲ್ಲವೋ ಎಂಬುದು ಬೇರೆ ಮಾತು, ಮನಸ್ಸು ಆ ಕಡೆ ಎಳೆಯುತ್ತದೆಯೋ ಇಲ್ಲವೋ ಎಂಬುದು ಬೇರೆ. ಇವರಲ್ಲಿ ಪ್ರೀತಿ ಇಲ್ಲವೆಂದೂ ತಿಳಿಯಬಾರದು. ಜೊತೆಗೊಬ್ಬರು ಬೇಕು, ಮಕ್ಕಳು ಬೇಕು ಎನ್ನುವವರು ಇವರಲ್ಲೂ ಇದ್ದಾರೆ. ಸಂಗಾತಿಗಾಗಿ ಒಪ್ಪಿ ಕೂಡುವವರೂ ಇದ್ದಾರೆ.

ಇದು ನಿನ್ನೆ ಮೊನ್ನೆ ಮೊಬೈಲಿನಲ್ಲಿ ಹುಟ್ಟಿದ್ದು ಎಂದು ಕೆಲವರು ಹೇಳುತ್ತಾರೆ. ಅಮೆರಿಕದ ಆಲ್ಫ್ರೆಡ್ ಕಿನ್ಸಿ ಎಂಬಾತ 1948ರಲ್ಲಿ ಗಂಡಸರ ಬಗ್ಗೆ, 1953ರಲ್ಲಿ ಹೆಂಗಸರ ಬಗ್ಗೆ ದೊಡ್ಡ ಅಧ್ಯಯನಗಳನ್ನು ಪ್ರಕಟಿಸಿದ. ಯಾರ ಕಡೆಗೂ ಒಲವಿಲ್ಲದವರು ಸಿಕ್ಕಾಗ ತನ್ನ ಅಳತೆಗೋಲಿನಲ್ಲಿ ಜಾಗವಿಲ್ಲದೆ ಅವರನ್ನು 'ಎಕ್ಸ್' ಎಂಬ ಬೇರೆ ಗುರುತಿಗೆ ಹಾಕಿದ. 2004ರಲ್ಲಿ ಕೆನಡಾದ ಆಂಟನಿ ಬೊಗಾರ್ಟ್ ಎಂಬ ವಿದ್ವಾಂಸರು ಬ್ರಿಟನ್ನಿನ 18,000ಕ್ಕೂ ಹೆಚ್ಚು ಜನ ಕೊಟ್ಟಿದ್ದ ಉತ್ತರಗಳನ್ನು ಪರಿಶೀಲಿಸಿದರು. ಅವರಲ್ಲಿ ಸುಮಾರು ನೂರಕ್ಕೆ ಒಬ್ಬರು ತಮಗೆ ಯಾರ ಮೇಲೂ ಎಂದೂ ಆ ಆಕರ್ಷಣೆ ಹುಟ್ಟಿಲ್ಲ ಎಂದಿದ್ದರು. ಹಾಗೆ ಹೇಳಿದವರಲ್ಲಿ ಹೆಂಗಸರ ಪಾಲು ಹೆಚ್ಚು. ಬ್ರಿಟನ್ನಿನ ಲೆಕ್ಕವನ್ನು ತಂದು ನಮ್ಮ ಜಗಳೂರಿಗೆ ಹಚ್ಚಲು ಬರುವುದಿಲ್ಲ, ನಿಜ. ಆದರೂ ಹದಿನೈದು ಜನರ ನಮ್ಮ ಗುಂಪುಗಳು ಏಳು ಸೇರಿದರೆ ನೂರು ದಾಟುತ್ತದೆ. ಒಂದು ಪಂಚಾಯಿತಿ ಒಕ್ಕೂಟದಲ್ಲಿ ಅದಕ್ಕಿಂತ ಹೆಚ್ಚು ಗುಂಪುಗಳಿವೆ. ಒಬ್ಬಿಬ್ಬರು ಇಲ್ಲದಿರುತ್ತಾರೆಯೆ?

ರೋಗದ ಮಾತು. 1980ರಲ್ಲಿ ಅಮೆರಿಕದ ಮನೋವೈದ್ಯರ ಸಂಘ ತನ್ನ ರೋಗಗಳ ಪಟ್ಟಿಯ ಮೂರನೆಯ ಆವೃತ್ತಿ ತಂದಾಗ ಲೈಂಗಿಕ ಆಸೆ ಕಡಿಮೆ ಇರುವುದನ್ನೂ ಒಂದು ತೊಂದರೆಯಾಗಿ ಸೇರಿಸಿತು. 2013ರ ಐದನೆಯ ಆವೃತ್ತಿಯಲ್ಲಿ, ಒಬ್ಬ ವ್ಯಕ್ತಿ ತಾನು ಏಸೆಕ್ಷುಯಲ್ ಎಂದು ತಿಳಿದು ಹೇಳಿದರೆ ಅವರಿಗೆ ಈ ರೋಗದ ಹೆಸರು ಹಚ್ಚಬಾರದು ಎಂದು ಬರೆದರು. ಸಲಿಂಗಕಾಮವನ್ನು 1973ರಲ್ಲಿ ಇದೇ ಸಂಘ ರೋಗವಲ್ಲವೆಂದು ಪಟ್ಟಿಯಿಂದ ತೆಗೆಯಲು ತೀರ್ಮಾನಿಸಿತ್ತು. ಅದು ನಮ್ಮ ದೇಶದ ಕಾನೂನಿಗೆ ಮುಟ್ಟಲು 2018ರ ಸೆಪ್ಟೆಂಬರ್ 6ರವರೆಗೆ, ಸುಪ್ರೀಂ ಕೋರ್ಟು 377ನೇ ಕಲಂ ಬಗ್ಗೆ ತೀರ್ಪು ಕೊಡುವವರೆಗೆ ಕಾಯಬೇಕಾಯಿತು. ಏಸೆಕ್ಷುಯಲ್ ಜನರನ್ನು ಅಪರಾಧಿ ಎನ್ನುವ ಕಾನೂನು ನಮ್ಮಲ್ಲಿ ಇರಲಿಲ್ಲ. ಅವರಿಗೆ ಕಟ್ಟಿದ ಜೈಲು ಮದುವೆಯೇ.

ಇಷ್ಟನ್ನು ನಾನು ದಾವಣಗೆರೆಯ ನಮ್ಮ ಸಭೆಯಲ್ಲಿ ಹೇಳಿದಾಗ ಹಿರಿಯ ಗೆಳತಿಯೊಬ್ಬರು ಎದ್ದು ನಿಂತರು. ಎಂಬತ್ತರ ದಶಕದಿಂದ ವರದಕ್ಷಿಣೆ ಸಾವುಗಳ ಹಿಂದೆ ಓಡಾಡಿದವರು, ಸುಟ್ಟ ಹೆಣ್ಣುಮಕ್ಕಳ ಹೇಳಿಕೆಗಾಗಿ ಆಸ್ಪತ್ರೆಯಲ್ಲಿ ರಾತ್ರಿ ಕಾದವರು. ಅವರ ಮಾತನ್ನು ಹಗುರವಾಗಿ ತೆಗೆದುಕೊಳ್ಳುವ ಹಾಗಿಲ್ಲ. ಅವರು ಹೇಳಿದ್ದು ಇಷ್ಟು: "ಜಗಳೂರಿನ ಕಡೆ ಹೋಗಿ ಕೇಳು. ಬರ ಬಿದ್ದರೆ ಗುಳೆ, ಮಳೆ ಬಂದರೆ ಮೆಕ್ಕೆಜೋಳದ ಹೊಲ. ನಸುಕಿಗೆ ಎದ್ದು ನೀರಿಗೆ ಹೋಗುವವಳು, ಮೈಯಲ್ಲಿ ರಕ್ತ ಇಲ್ಲದವಳು, ಇಪ್ಪತ್ತೆರಡಕ್ಕೆ ಮೂರು ಹೆತ್ತವಳು, ರಾತ್ರಿ ಕುಡಿದು ಬರುವ ಗಂಡ. ಅವಳಿಗೆ ಆಸೆ ಎಲ್ಲಿಂದ ಬರಬೇಕು? ಅವಳ ಆಸೆಯನ್ನು ಕೊಂದವರು ಯಾರು ಅಂತ ನಾವು ಕೇಳಬೇಕು. ನೀನು ಬಂದು ಅದು ಅವಳ ಹುಟ್ಟುಸ್ವಭಾವ ಅಂದುಬಿಟ್ಟರೆ ಕೊಂದವರು ಪಾರಾಗುತ್ತಾರೆ."

ಬಹಳ ದಿನ ಈ ಮಾತು ನನ್ನ ತಲೆಯಲ್ಲಿ ಉಳಿಯಿತು. ಅದರಲ್ಲಿ ಸತ್ಯವಿದೆ. ಜಗಳೂರಿನ ಒಂದು ಗುಂಪಿನಲ್ಲಿ ನಾನೇ ಕೇಳಿದೆ, ಸಾಲದ ಲೆಕ್ಕ ಮುಗಿಸಿ ಎಲೆ ಅಡಿಕೆ ಹಾಕಿಕೊಳ್ಳುತ್ತಾ ಕೂತಿದ್ದಾಗ. ಮೊದಲು ನಕ್ಕರು. ಆಮೇಲೆ ಒಬ್ಬಾಕೆ ಎಂದಳು, 'ನಮಗೆ ಬೇಕಾ ಬೇಡವಾ ಅಂತ ಇಷ್ಟು ವರ್ಷದಲ್ಲಿ ಕೇಳಿದವಳು ನೀನೇ ಮೊದಲು.' ಇನ್ನೊಬ್ಬಳು, 'ಬೇಗ ಮುಗಿದರೆ ಸಾಕು ಅಂತ ಕಣ್ಣು ಮುಚ್ಚಿಕೊಳ್ಳೋದು, ಅಷ್ಟೇ' ಎಂದಳು. ಇವರೆಲ್ಲ ಏಸೆಕ್ಷುಯಲ್ ಎಂದು ನಾನು ಹೇಳುವುದಿಲ್ಲ. ರಕ್ತಹೀನತೆಗೆ ಕಬ್ಬಿಣದ ಮಾತ್ರೆ ಬೇಕು, ಹೊಡೆತಕ್ಕೆ ಪೊಲೀಸು ಬೇಕು, ದಣಿವಿಗೆ ವಿಶ್ರಾಂತಿ ಬೇಕು. ಇದ್ದಕ್ಕಿದ್ದಂತೆ ಆಸೆ ನಿಂತಿದ್ದು, ನೋವು, ರಕ್ತಸ್ರಾವ, ಹೆರಿಗೆಯ ನಂತರದ ಮಂಕು ಇದ್ದರೆ ಡಾಕ್ಟರಿಗೆ ತೋರಿಸಬೇಕು. ಅಲ್ಲಿಯವರೆಗೂ ನನ್ನ ಗೆಳತಿಯ ಜೊತೆ ನಾನಿದ್ದೇನೆ.

ಆದರೆ ಅದೇ ಗುಂಪಿನಲ್ಲಿ ಹೊಡೆತ ತಿಂದೂ ಆಸೆ ಸಾಯದವರು ಇದ್ದರು. ಚೇಷ್ಟೆ ಮಾಡುತ್ತಾ ಅದನ್ನು ಹೇಳಿಕೊಂಡರು ಕೂಡ. ನ್ಯಾಮತಿಯ ಹುಡುಗಿಗೆ ಹೊಡೆತಕ್ಕಿಂತ ಮುಂಚೆಯೂ, ಹದಿನೈದರಲ್ಲೂ ಹದಿನೆಂಟರಲ್ಲೂ, ಅದು ಇರಲಿಲ್ಲ. ಬಡತನ, ಹಿಂಸೆ ಎಲ್ಲ ತೆಗೆದ ಮೇಲೂ ಇವಳಂಥವರು ಉಳಿಯುತ್ತಾರೆ. ಅವರಿಗೆ ಜಾಗ ಕೊಡದೆ, 'ನಿನಗೆ ಯಾರೋ ಏನೋ ಮಾಡಿದ್ದಾರೆ, ಅದಕ್ಕೇ ಹೀಗೆ' ಎಂದು ನಾವು ಹೇಳತೊಡಗಿದರೆ, ಗಾಳಿ ಸೋಕಿದೆ ಎನ್ನುವ ಅತ್ತೆಗೂ ನಮಗೂ ಏನು ವ್ಯತ್ಯಾಸ? ಆಕೆ ತಾಯತ ಕಟ್ಟಿಸಿದಳು, ನಾವು ಸಿದ್ಧಾಂತ ಕಟ್ಟುತ್ತೇವೆ.

ಇನ್ನೊಂದು ಮಾತನ್ನು ಗೆಳತಿ ಗಮನಿಸಲಿಲ್ಲ ಅನ್ನಿಸುತ್ತದೆ. ದಣಿದವಳು ಬೇಡ ಎಂದರೂ, ಹೆದರಿದವಳು ಬೇಡ ಎಂದರೂ, ಸ್ವಭಾವದಿಂದಲೇ ಬೇಡ ಎಂದರೂ ಹಾಸಿಗೆಯ ಹತ್ತಿರ ಆ 'ಬೇಡ'ಕ್ಕೆ ಬೆಲೆ ಒಂದೇ ಇರಬೇಕು. ಯಾಕೆ ಬೇಡ ಎಂದು ಸಾಬೀತು ಮಾಡುವ ಹೊರೆ ಅವಳ ಮೇಲೆ ಬರಬಾರದು. ಹಾಗಾದರೆ ಸ್ವಭಾವವೋ ಅಲ್ಲವೋ ಎಂಬ ಚರ್ಚೆ ಯಾಕೆ ಎಂದು ನೀವು ಕೇಳಬಹುದು. ದಣಿದವಳಿಗೆ ನಾಳೆಯಾದರೂ ಮನಸ್ಸು ಬರುತ್ತದೆ ಎಂದು ಕಾಯಬಹುದು. ಇವಳಿಗೆ ಹಾಗೆ ಹೇಳಿ ಹೇಳಿಯೇ ಮದುವೆ ಮಾಡಿದ್ದು. 'ಸರಿ ಹೋಗುತ್ತೆ' ಎಂಬ ಒಂದು ಮಾತಿನ ಮೇಲೆ ಎಂಟು ತೊಲ ಬಂಗಾರ, ಎರಡು ಲಕ್ಷ ರೂಪಾಯಿ, ಎರಡು ಜೀವ ಹೋದವು. ಇದು ಒಂದು ಸ್ವಭಾವ, ಹೀಗೂ ಜನ ಇರುತ್ತಾರೆ ಎಂದು ಅವಳ ತಾಯಿಗೆ ಮೊದಲೇ ಯಾರಾದರೂ ಹೇಳಿದ್ದರೆ ಆ ಮದುವೆ ಆಗುತ್ತಿತ್ತೆ?

ಈ ಚರ್ಚೆ ಎತ್ತಿದರೆ ನಮ್ಮ ಕಡೆ ಯಾರಾದರೂ ಅಕ್ಕಮಹಾದೇವಿಯ ಹೆಸರು ತೆಗೆಯುತ್ತಾರೆ. ಅಕ್ಕ ಹುಟ್ಟಿದ ಉಡುತಡಿ ನಮಗೆ ದೂರವೇನಲ್ಲ, ಪಕ್ಕದ ಶಿಕಾರಿಪುರ ತಾಲ್ಲೂಕು. ಕೌಶಿಕ ರಾಜನನ್ನು ಬಿಟ್ಟು ನಡೆದವಳು. ಹರಿಹರನ ರಗಳೆಯಲ್ಲಿ ಅವಳು ಷರತ್ತು ಹಾಕಿ ಅವನ ಮನೆಗೆ ಹೋಗುತ್ತಾಳೆ, ಅವನು ಷರತ್ತು ಮೀರಿದಾಗ ಹೊರಡುತ್ತಾಳೆ. ಚಾಮರಸ ಅವಳಿಗೆ ಮದುವೆಯೇ ಆಗಲಿಲ್ಲ ಎನ್ನುತ್ತಾನೆ. ಅಕ್ಕನನ್ನು ಏಸೆಕ್ಷುಯಲ್ ಎಂದು ಕರೆಯುವುದಕ್ಕೆ ನನ್ನ ಒಪ್ಪಿಗೆ ಇಲ್ಲ. ಚೆನ್ನಮಲ್ಲಿಕಾರ್ಜುನನಿಗಾಗಿ ಅಷ್ಟು ಹಂಬಲಿಸಿದವಳಲ್ಲಿ ಆಸೆ ಇರಲಿಲ್ಲ ಎಂದರೆ ವಚನಗಳನ್ನೇ ಓದಿಲ್ಲ ಎಂದಾಗುತ್ತದೆ. ಆದರೆ ಒಂದು ನೆನಪಿಡಬೇಕು. ರಾಜನನ್ನು ಬೇಡವೆನ್ನಲು ಅವಳಿಗೂ ಒಬ್ಬ ದೇವರ ಹೆಸರು ಬೇಕಾಯಿತು. ನಾವು ಅವಳನ್ನು ಪೂಜಿಸುತ್ತೇವೆ. ದೇವರ ಹೆಸರು ಹೇಳದೆ, ಮಠ ಸೇರದೆ, ಸುಮ್ಮನೆ 'ನನಗೆ ಬೇಡ' ಎಂದು ಮನೆಯಲ್ಲೇ ಇರುತ್ತೇನೆ ಎನ್ನುವ ಹೆಣ್ಣಿಗೆ ನಮ್ಮ ಊರುಗಳಲ್ಲಿ ಒಂದು ಮೂಲೆ ಸಿಗುವುದಿಲ್ಲ.

ಇಲ್ಲಿಯವರೆಗೆ ಹೆಣ್ಣಿನ ಮಾತಾಯಿತು. ಗಂಡು ಹೀಗಿದ್ದರೆ? ಅಲ್ಲಿಯೂ ಪೆಟ್ಟು ಬೀಳುವುದು ಹೆಣ್ಣಿಗೇ.

ಚನ್ನಗಿರಿ ತಾಲ್ಲೂಕಿನ ಅಡಿಕೆ ತೋಟದ ಮನೆಯೊಂದರ ಸೊಸೆ, ನಾಲ್ಕು ವರ್ಷ 'ಬಂಜೆ' ಎನ್ನಿಸಿಕೊಂಡವಳು, ಒಮ್ಮೆ ನಮ್ಮ ಹತ್ತಿರ ಬಂದಿದ್ದಳು. ಔಷಧಿಗೆಂದು ತವರಿನಿಂದ ಎರಡು ಸಲ ದುಡ್ಡು ತರಿಸಿದ್ದರು. ದೊಡ್ಡ ಆಸ್ಪತ್ರೆಗಳನ್ನು ಸುತ್ತಿಸಿದ್ದರು. ಹರಕೆ, ವ್ರತ, ಬಾಯಿಗೆ ಬಂದ ಬೈಗುಳ, ಕೊನೆಗೆ ಗಂಡನಿಗೆ ಇನ್ನೊಂದು ಮದುವೆಯ ಮಾತು. ನಾಲ್ಕು ವರ್ಷದಲ್ಲಿ ಅವನು ಅವಳನ್ನು ಒಮ್ಮೆಯೂ ಮುಟ್ಟಿರಲಿಲ್ಲ. ಅದನ್ನು ಹೇಳಿದರೆ ಗಂಡನ ಮರ್ಯಾದೆ ಹೋಗುತ್ತದೆ ಎಂದು ಬಾಯಿ ಕಟ್ಟಿಕೊಂಡಿದ್ದಳು. ಅವನು ಒಳ್ಳೆಯವನೇ ಎಂದಳು. ಸಂತೆಯಿಂದ ಅವಳಿಗೆ ಇಷ್ಟವಾದ ಹಣ್ಣು ತರುತ್ತಿದ್ದನಂತೆ. ಅವ್ವ ಬಂಜೆ ಎನ್ನುವಾಗ ಮಾತ್ರ ಎದ್ದು ತೋಟಕ್ಕೆ ಹೋಗಿಬಿಡುತ್ತಿದ್ದನಂತೆ.

ಅವನ ಸ್ವಭಾವ ಅವನ ತಪ್ಪಲ್ಲ. ತೋಟಕ್ಕೆ ಎದ್ದು ಹೋದದ್ದು ತಪ್ಪು. ಇಲ್ಲಿ ನನಗೆ ಯಾವ ಗೊಂದಲವೂ ಇಲ್ಲ. ಸ್ವಭಾವವನ್ನು ಒಪ್ಪಬೇಕು ಎನ್ನುವವರು ಅದನ್ನು ಮುಚ್ಚಿಟ್ಟು ಇನ್ನೊಂದು ಜೀವವನ್ನು ಕಟ್ಟಿಹಾಕುವುದನ್ನೂ ಒಪ್ಪಬೇಕಾಗಿಲ್ಲ. ಅವಳಿಗೆ ಆಸೆ ಇತ್ತು, ಮಕ್ಕಳು ಬೇಕಿತ್ತು, ಅದೂ ಅಷ್ಟೇ ಸಹಜ. ಇಬ್ಬರೂ ಮೊದಲೇ ತಿಳಿದು, ಒಪ್ಪಿ, ಹೀಗೇ ಬಾಳೋಣ ಎಂದುಕೊಂಡರೆ ನಾವು ಮೂಗು ತೂರಿಸಬಾರದು. ಇಂಥ ಜೊತೆ ಹುಡುಕುವವರೂ ಇದ್ದಾರೆ. ಡಾ. ಪ್ರಗತಿ ಸಿಂಗ್ ಎಂಬ ವೈದ್ಯೆಗೆ, ಮದುವೆಗೆ ಒತ್ತಾಯವಿದೆ ಆದರೆ ದೇಹಸಂಬಂಧ ಬೇಡ ಎನ್ನುವ ಹೆಂಗಸರಿಂದ ಪತ್ರಗಳು ಬರತೊಡಗಿದವು. ಅವರು ಅಂಥವರನ್ನು ಒಂದೆಡೆ ಸೇರಿಸುವ ಕೆಲಸಕ್ಕೆ ಕೈಹಾಕಿ 'ಇಂಡಿಯನ್ ಏಸಸ್' ಎಂಬ ಬಳಗ ಕಟ್ಟಿದರು. ಬಿಬಿಸಿಯವರು 2019ರ ನೂರು ಮಹಿಳೆಯರ ಪಟ್ಟಿಯಲ್ಲಿ ಅವರ ಹೆಸರು ಸೇರಿಸಿದ್ದರು.

ನಮ್ಮ ಹೈಕೋರ್ಟಿನ ಮುಂದೆಯೇ ಇಂಥದೊಂದು ಪ್ರಕರಣ ಬಂದಿತ್ತು. 2019ರ ಡಿಸೆಂಬರಿನಲ್ಲಿ ಮದುವೆ. ಗಂಡ ಒಂದು ಆಧ್ಯಾತ್ಮಿಕ ಪಂಥದ ಅನುಯಾಯಿ, ಪ್ರೀತಿ ಎಂದರೆ ಆತ್ಮ ಆತ್ಮಗಳ ನಡುವಿನದು, ದೇಹದ್ದಲ್ಲ ಎಂದು ದೂರ ಉಳಿದ. ಹೆಂಡತಿ ಗಂಡನ ಮನೆಯಲ್ಲಿ ಇದ್ದದ್ದು 28 ದಿನ. ಅವಳು 498ಎ ಮತ್ತು ವರದಕ್ಷಿಣೆ ನಿಷೇಧ ಕಾಯ್ದೆಯಡಿ ದೂರು ಕೊಟ್ಟಳು. ಕೌಟುಂಬಿಕ ನ್ಯಾಯಾಲಯದಲ್ಲೂ ಅರ್ಜಿ ಹಾಕಿ 2022ರಲ್ಲಿ ಮದುವೆಯಿಂದ ಬಿಡುಗಡೆ ಪಡೆದಳು. 2023ರ ಜೂನ್‌ನಲ್ಲಿ ನ್ಯಾಯಮೂರ್ತಿ ಎಂ. ನಾಗಪ್ರಸನ್ನ ಅವರು, ದೇಹಸಂಬಂಧ ನಿರಾಕರಿಸುವುದು ಹಿಂದೂ ವಿವಾಹ ಕಾಯ್ದೆಯ ಅರ್ಥದಲ್ಲಿ ಕ್ರೌರ್ಯವಾಗಬಹುದು, 498ಎ ಅರ್ಥದಲ್ಲಿ ಕ್ರೌರ್ಯವಲ್ಲ ಎಂದು ಹೇಳಿ ಕ್ರಿಮಿನಲ್ ಪ್ರಕರಣವನ್ನು ರದ್ದು ಮಾಡಿದರು. ಆ ಮನುಷ್ಯನದು ಪಂಥದ ನಂಬಿಕೆಯೋ ಸ್ವಭಾವವೋ ಎಂಬುದು ಇಲ್ಲಿ ಪ್ರಶ್ನೆಯಲ್ಲ. ನಮ್ಮ ಹೋರಾಟದ ಗೆಳತಿಯರು ಕೆಲವರಿಗೆ ಈ ತೀರ್ಪು ಬೇಸರ ತಂದಿತು. ನನ್ನ ಮಟ್ಟಿಗೆ ಅದು ಸರಿ. ಮುಟ್ಟದ ಗಂಡನಿಂದ ಹೆಂಡತಿಗೆ ಬಿಡುಗಡೆ ಬೇಕು, ಬಂಗಾರ ವಾಪಸ್ಸು ಬೇಕು, ಬದುಕಲು ದಾರಿ ಬೇಕು. ಅವನಿಗೆ ಜೈಲು ಯಾಕೆ? ಮುಟ್ಟಲಿಲ್ಲ ಎಂದು ಗಂಡನನ್ನು ಜೈಲಿಗೆ ಹಾಕಬಹುದು ಎಂದು ನಾವೇ ವಾದಿಸಿದರೆ, ಮುಟ್ಟಗೊಡಲಿಲ್ಲ ಎಂದು ನಮ್ಮನ್ನು ಎಲ್ಲಿಗೆ ಎಳೆದಾರು ಯೋಚಿಸಿ.

ಎಳೆದೂ ಇದ್ದಾರೆ. ಹಿಂದೂ ವಿವಾಹ ಕಾಯ್ದೆಯ 9ನೇ ಕಲಮಿನ ಪ್ರಕಾರ, ಸಕಾರಣವಿಲ್ಲದೆ ದೂರ ಇರುವ ಹೆಂಡತಿ ಅಥವಾ ಗಂಡ ಮರಳಿ ಬಂದು ಬಾಳಬೇಕೆಂದು ಕೋರ್ಟು ಆದೇಶಿಸಬಹುದು. 1983ರಲ್ಲಿ ಆಂಧ್ರ ಹೈಕೋರ್ಟಿನ ನ್ಯಾಯಮೂರ್ತಿ ಪಿ.ಎ. ಚೌಧರಿ ಅವರು ಇದು ಹೆಣ್ಣಿನ ದೇಹದ ಮೇಲಿನ ಬಲವಂತ ಎಂದು ಆ ಕಲಮನ್ನೇ ಹೊಡೆದುಹಾಕಿದರು. ಮರುವರ್ಷವೇ, 1984ರಲ್ಲಿ, ಸುಪ್ರೀಂ ಕೋರ್ಟು ಅದನ್ನು ಮತ್ತೆ ಎತ್ತಿ ನಿಲ್ಲಿಸಿತು. 2007ರಲ್ಲಿ ಸುಪ್ರೀಂ ಕೋರ್ಟು ಮಾನಸಿಕ ಕ್ರೌರ್ಯದ ಉದಾಹರಣೆಗಳನ್ನು ಕೊಡುತ್ತಾ, ದೇಹದ ತೊಂದರೆಯಾಗಲಿ ಸಕಾರಣವಾಗಲಿ ಇಲ್ಲದೆ ಬಹಳ ಕಾಲ ಸಂಭೋಗ ನಿರಾಕರಿಸುವುದನ್ನೂ ಅದರಲ್ಲಿ ಸೇರಿಸಿತು. ವಿಚ್ಛೇದನಕ್ಕೆ ಅದು ಆಧಾರವಾಗುವುದಕ್ಕೆ ನನ್ನ ತಕರಾರಿಲ್ಲ, ಹೊಂದದ ಇಬ್ಬರು ಬೇರೆಯಾಗಲಿ. ಆ ಪದ ನನಗೆ ನೋವು ಕೊಡುತ್ತದೆ. ನ್ಯಾಮತಿಯ ಹುಡುಗಿ ಯಾರ ಮೇಲೂ ಕ್ರೌರ್ಯ ಮಾಡಿದವಳಲ್ಲ.

ಅವಳ ಮೇಲೆ ಆದದ್ದಕ್ಕೆ ಕಾನೂನು ಏನೆನ್ನುತ್ತದೆ? 2024ರ ಜುಲೈ 1ರಿಂದ ಹಳೆಯ ದಂಡಸಂಹಿತೆಯ ಜಾಗಕ್ಕೆ ಭಾರತೀಯ ನ್ಯಾಯ ಸಂಹಿತೆ ಬಂತು. ಹೆಸರು ಬದಲಾಯಿತು, ವಿನಾಯಿತಿ ಹಾಗೇ ಬಂತು: ಹದಿನೆಂಟು ತುಂಬಿದ ಹೆಂಡತಿಯ ಜೊತೆ ಗಂಡ ನಡೆಸುವ ಸಂಭೋಗ ಅತ್ಯಾಚಾರವಲ್ಲ, 63ನೇ ಕಲಂ, ಎರಡನೆಯ ವಿನಾಯಿತಿ. 2022ರ ಮಾರ್ಚ್‌ನಲ್ಲಿ ನಮ್ಮ ಹೈಕೋರ್ಟಿನ ಅದೇ ನ್ಯಾಯಮೂರ್ತಿ ನಾಗಪ್ರಸನ್ನ ಅವರು ಗಂಡನೊಬ್ಬನ ಮೇಲಿನ ಅತ್ಯಾಚಾರದ ಆರೋಪವನ್ನು ರದ್ದು ಮಾಡಲು ಒಪ್ಪಲಿಲ್ಲ. ಗಂಡನೆಂಬ ಕಾರಣಕ್ಕೆ ಪಾರಾಗುವಂತಿಲ್ಲ ಎಂದರು. ಅದೇ ವರ್ಷ ಮೇ ತಿಂಗಳಲ್ಲಿ ದೆಹಲಿ ಹೈಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಇದೇ ವಿನಾಯಿತಿಯ ಬಗ್ಗೆ ಎರಡು ತೀರ್ಪು ಕೊಟ್ಟರು. ವಿಷಯ ಸುಪ್ರೀಂ ಕೋರ್ಟಿಗೆ ಹೋದಾಗ, 2024ರ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರ ವಿನಾಯಿತಿ ತೆಗೆಯಬಾರದೆಂದೇ ಅಫಿಡವಿಟ್ ಹಾಕಿತು.

ಹಾಗೆಂದು ದಾರಿಯೇ ಇಲ್ಲವೆಂದು ಕೈಚೆಲ್ಲಬೇಡಿ. 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆಯಲ್ಲಿ ಲೈಂಗಿಕ ದೌರ್ಜನ್ಯವೂ ಸೇರಿದೆ. ಗಂಡನಾದರೂ ಸರಿ. ರಕ್ಷಣೆಯ ಆದೇಶ, ಇರಲು ಮನೆ, ಖರ್ಚಿಗೆ ದುಡ್ಡು ಕೇಳಬಹುದು. ನಿಮ್ಮ ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಯೇ ಸಂರಕ್ಷಣಾಧಿಕಾರಿ. ಅಂಗನವಾಡಿ ಕಾರ್ಯಕರ್ತೆಗೆ ಅವರ ಕಚೇರಿ ಗೊತ್ತಿರುತ್ತದೆ. 181ಕ್ಕೆ ಫೋನು ಮಾಡಿದರೂ ಆಗುತ್ತದೆ. ಬಂಗಾರದ ವಿಷಯ ಇನ್ನೂ ಸರಳ. 1961ರ ವರದಕ್ಷಿಣೆ ನಿಷೇಧ ಕಾಯ್ದೆಯ 6ನೇ ಕಲಮಿನ ಪ್ರಕಾರ, ಮದುವೆಯಲ್ಲಿ ಇಸಿದುಕೊಂಡಿದ್ದನ್ನು ಯಾರ ಕೈಯಲ್ಲಿದ್ದರೂ ಮೂರು ತಿಂಗಳಲ್ಲಿ ಹೆಣ್ಣಿಗೆ ಒಪ್ಪಿಸಬೇಕು. ಅವಳು ಗಂಡನ ಹತ್ತಿರ ಮಲಗಿದಳೋ ಇಲ್ಲವೋ ಎಂಬ ಲೆಕ್ಕ ಆ ಕಲಮಿನಲ್ಲಿ ಎಲ್ಲೂ ಇಲ್ಲ. ಕಟ್ಟೆಯ ಮೇಲೆ ನಾನು ಇದನ್ನು ಓದಿ ಹೇಳಿದಾಗ ಸೋದರಮಾವ ಬೀಡಿ ಆರಿಸಿದ.

ಮದುವೆ ಆಗದೆಯೂ ಇರಬಹುದು ಎಂದು ಹೇಳುವುದು ಸುಲಭ, ಇರುವುದು ಹೇಗೆ? ಹುಡುಗಿಯ ತಾಯಿ ನನ್ನನ್ನು ಬಸ್ಸಿಗೆ ಬಿಡಲು ಬಂದಾಗ ಕೇಳಿದ್ದು ಇದೇ. 'ನಾನು ಕಣ್ಣು ಮುಚ್ಚಿದ ಮೇಲೆ ಇವಳನ್ನು ಯಾರು ನೋಡ್ತಾರೆ? ಅಣ್ಣನ ಹೆಂಡತಿ ಎಷ್ಟು ದಿನ ಅನ್ನ ಹಾಕಿಯಾಳು?' ಮದುವೆ ಎಂಬುದು ನಮ್ಮ ಹೆಣ್ಣುಮಕ್ಕಳಿಗೆ ಆಸೆಯ ವಿಷಯವಾಗಿ ಯಾವಾಗ ಇತ್ತು? ಅದು ಕೂಳಿನ ವಿಷಯ, ಸೂರಿನ ವಿಷಯ. ಸರ್ಕಾರಕ್ಕೆ ಒಂಟಿ ಹೆಣ್ಣು ಕಣ್ಣಿಗೆ ಬೀಳುವುದೂ ತಡವಾಗಿಯೇ. 2013ರಲ್ಲಿ ರಾಜ್ಯ ಸರ್ಕಾರ ಮನಸ್ವಿನಿ ಯೋಜನೆ ತಂದು ಬಡ ಅವಿವಾಹಿತ ಮತ್ತು ವಿಚ್ಛೇದಿತ ಹೆಂಗಸರಿಗೆ ಮಾಸಾಶನ ಕೊಟ್ಟಿತು. ಒಳ್ಳೆಯ ಕೆಲಸ, ಆದರೆ ಅದಕ್ಕೆ ನಲವತ್ತು ತುಂಬಿರಬೇಕು. ಅಲ್ಲಿಯವರೆಗೆ? 2023ರಲ್ಲಿ ಬಂದ ಗೃಹಲಕ್ಷ್ಮಿಯ ಎರಡು ಸಾವಿರ ಪಡಿತರ ಚೀಟಿಯಲ್ಲಿ ಮನೆಯ ಯಜಮಾನಿ ಎಂದಿರುವವಳಿಗೆ. ಅಣ್ಣನ ಚೀಟಿಯಲ್ಲಿ ತಂಗಿಯಾಗಿ ಉಳಿದವಳು ಯಾವ ಮನೆಗೂ ಯಜಮಾನಿ ಅಲ್ಲ. ಹೊನ್ನಾಳಿಯ ಒಂದು ಗುಂಪಿನಲ್ಲಿ ಐವತ್ತೈದು ದಾಟಿದ ಒಬ್ಬಾಕೆ ಇದ್ದಾಳೆ. ಮದುವೆ ಬೇಡವೆಂದು ಹಟ ಹಿಡಿದು ಉಳಿದವಳು, ಯಾಕೆಂದು ಯಾರಿಗೂ ಹೇಳಿಲ್ಲ, ನಾನೂ ಈಗ ಕೇಳುವುದಿಲ್ಲ. ಗದ್ದೆ ನಾಟಿಗೆ ಅವಳ ಕೈ ಬೇಕು ಎಂದು ಊರೆಲ್ಲ ಕರೆಯುತ್ತದೆ. ಮದುವೆ ಮನೆಯಲ್ಲಿ ಮಾತ್ರ ಅರಿಶಿನ ಹಚ್ಚಲು ಅವಳನ್ನು ಕರೆಯುವುದಿಲ್ಲ. ಕರೆಯಬಾರದು ಎಂದು ಹೇಳುವವರು ನಮ್ಮ ಸಂಘದ ಸದಸ್ಯೆಯರೇ.

ಇಷ್ಟು ಬರೆದ ಮೇಲೆ ನಮ್ಮ ಗುಂಪುಗಳಲ್ಲಿ ಏನು ಮಾಡಬೇಕೆಂದು ಯಾರಾದರೂ ಕೇಳಿದರೆ ನನ್ನ ಹತ್ತಿರ ದೊಡ್ಡ ಕಾರ್ಯಕ್ರಮವಿಲ್ಲ. ಮಗಳು 'ನನಗೆ ಮದುವೆ ಬೇಡ' ಎಂದರೆ ಆ ವರ್ಷದ ಮಟ್ಟಿಗಾದರೂ ಮದುವೆಯ ಸಾಲಕ್ಕೆ ಸಂಘದಿಂದ ಸಹಿ ಹಾಕಬೇಡಿ. ಮೊದಲು ಅವಳ ಜೊತೆ ಒಬ್ಬರು ಕೂತು ಮಾತಾಡಿ. ಮದುವೆ ಮಾಡಿದರೆ ಮಗ ಸರಿ ಹೋಗುತ್ತಾನೆ ಎಂದು ಗಂಡಿನ ತಾಯಿ ಹೇಳಿದರೆ ಹೆಣ್ಣು ಕೊಡುವವರಿಗೆ ಎಚ್ಚರ ಹೇಳಿ. ಬಂಜೆ ಎಂಬ ಮಾತು ಕಿವಿಗೆ ಬಿದ್ದರೆ ಆ ಸೊಸೆಯನ್ನು ಒಬ್ಬಳನ್ನೇ ಕರೆದು ಕೇಳಿ. ಯಾರ ಸ್ವಭಾವವನ್ನೂ ಸಭೆಯಲ್ಲಿ ಎತ್ತಿ ಆಡಬೇಡಿ, ನಡಾವಳಿ ಪುಸ್ತಕದಲ್ಲಂತೂ ಬರೆಯಲೇಬೇಡಿ. ಆ ಪುಸ್ತಕವನ್ನು ಬ್ಯಾಂಕಿನವರೂ ಓದುತ್ತಾರೆ.

ಪರೀಕ್ಷೆಗೆ ಹುಡುಗಿಯನ್ನು ನಾವು ಕಳಿಸಲಿಲ್ಲ. ಬಂಗಾರದಲ್ಲಿ ಐದು ತೊಲ ಬಂದಿದೆ, ಮೂರು ತೊಲ ಇನ್ನೂ ಅವರ ಹತ್ತಿರವೇ ಇದೆ. ಬೈಕಿನ ಮಾತು ಅವರೂ ಎತ್ತುವುದಿಲ್ಲ. ಇಬ್ಬರೂ ಒಪ್ಪಿ ವಿಚ್ಛೇದನಕ್ಕೆ ಅರ್ಜಿ ಹಾಕಿದ್ದಾರೆ. ಕೋರ್ಟಿನಲ್ಲಿ ಅವನು ಇವಳಿಗೆ 'ಚೆನ್ನಾಗಿದ್ದೀಯಾ' ಎಂದನಂತೆ. ಅವಳು ಈಗ ತನ್ನ ಊರಿನ ಗುಂಪಿನ ಲೆಕ್ಕದ ಪುಸ್ತಕ ಬರೆಯುತ್ತಾಳೆ, ಸೀಸನ್ನಿನಲ್ಲಿ ಅಡಿಕೆ ಸುಲಿಯಲು ಹೋಗುತ್ತಾಳೆ. ಅಣ್ಣನ ಪಡಿತರ ಚೀಟಿಯಿಂದ ತನ್ನ ಮತ್ತು ತಾಯಿಯ ಹೆಸರು ಬೇರೆ ಮಾಡಿಸಬೇಕೆಂದಿದ್ದಾಳೆ. ಬರುವ ಸೋಮವಾರ ನಾವಿಬ್ಬರೂ ನ್ಯಾಮತಿಯ ತಾಲ್ಲೂಕು ಕಚೇರಿಗೆ ಹೋಗುತ್ತಿದ್ದೇವೆ.